ಎರಡೂ ಕಡೆ ಸ್ಪ್ರಿಂಗ್ ಇರುವ ಸೈಕಲ್

ನಮ್ಮ ಮನೆಯ ಮುಂದೆ ಹದಿನೇಳು ಉಬ್ಬುಗಳಿದ್ದವು. ಹದಿನೇಳೂ ನನ್ನವೇ ಎಂದು ನಂಬಿಕೊಂಡು ನಾನು ಇಪ್ಪತ್ತನಾಲ್ಕು ವರ್ಷದವಳಾದೆ. ಅವುಗಳ ಮೇಲೆ ಹತ್ತಿ ಇಳಿದು ಶಾಲೆಗೆ ಹೋದೆ, ಕಾಲೇಜಿಗೆ ಹೋದೆ, ಬಿ.ಎ. ಮುಗಿಸಿದೆ, ನೀರಿನ ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಕೆಲಸಕ್ಕೆ ಸೇರಿದೆ. ಹೋದ ಸೋಮವಾರ ಬೆಳಿಗ್ಗೆ ಸೈಕಲ್ ಅಂಗಡಿಯ ದಸ್ತಗೀರಣ್ಣ ನಮ್ಮ ಬೀದಿಯ ನೆಲದಿಂದ ಎದ್ದು, ಮಂಡಿಯ ಧೂಳು ಕೊಡವಿಕೊಳ್ಳುತ್ತ ಒಂದು ಮಾತು ಹೇಳಿದರು. ಅವತ್ತಿನಿಂದ ಊಟ ಸರಿಯಾಗಿ ಇಳಿಯುತ್ತಿಲ್ಲ. ದಿನಚರಿಯಲ್ಲಿ ನಾಲ್ಕು ದಿನ ಬರೀ ತಾರೀಖು ಬರೆದು ಮುಚ್ಚಿಟ್ಟಿದ್ದೇನೆ. ಇವತ್ತು ಮೊದಲಿನಿಂದ ಬರೆಯುತ್ತೇನೆ.

ನಮ್ಮೂರಿನಲ್ಲಿ ನುಂಗಿದ ಮಾತು ಮನೆಯ ಗೇಟಿನ ಮುಂದೆ ರಸ್ತೆಯಲ್ಲಿ ಏಳುತ್ತದೆ. ಎಲ್ಲ ಮಾತೂ ಅಲ್ಲ. ಒಬ್ಬರಿಗೆ ಹೇಳಲೇಬೇಕಾಗಿದ್ದು, ಗಂಟಲವರೆಗೆ ಬಂದು, ತಿರುಗಿ ಹೋದದ್ದು ಮಾತ್ರ. ಯಾರಿಗೆ ಹೇಳಬೇಕಿತ್ತೋ ಅವರಿಗೇ ಬಾಯಿಬಿಟ್ಟು ಹೇಳಿದರೆ ಉಬ್ಬು ಇಳಿದುಹೋಗುತ್ತದೆ. ಅದರ ಒಡೆಯರು ಸತ್ತರೂ ಇಳಿಯುತ್ತದೆ. ಫೋನು ಬರುವ ಮುಂಚೆಯೇ ರಸ್ತೆ ನೋಡಿ ಎದೆ ಬಡಿದುಕೊಂಡವರು ನಮ್ಮೂರಲ್ಲಿದ್ದಾರೆ. ಒಡೆಯರು ಮೂರು ರಾತ್ರಿ ಬೇರೆ ಸೂರಿನ ಕೆಳಗೆ ಮಲಗಿದರೆ ಅದು ನಾಲ್ಕು ಬೆರಳು ಕುಗ್ಗುತ್ತದೆ, ಮನೆಗೆ ಬಂದ ಮೇಲೆ ಮತ್ತೆ ಮೊದಲಿನ ಎತ್ತರಕ್ಕೆ ಏಳುತ್ತದೆ. ಇದರಲ್ಲಿ ಯಾರಿಗೂ ಆಶ್ಚರ್ಯವಿಲ್ಲ. ಆಟೋದವರು ವಿಳಾಸ ಕೇಳುವುದಿಲ್ಲ, "ನಿಮ್ಮನೇಲಿ ಎಲ್ಲಾರೂ ಮಾತಾಡ್ತೀರ ತಾನೆ?" ಎಂದು ಕೇಳಿ ಹತ್ತಿಸಿಕೊಳ್ಳುತ್ತಾರೆ. ಗ್ಯಾಸ್ ಸಿಲಿಂಡರಿನವನು ನಮ್ಮ ಬೀದಿಯ ತಿರುವಿನಲ್ಲೇ ಸಿಲಿಂಡರ್ ಇಳಿಸಿ ಶಿಳ್ಳೆ ಹಾಕುತ್ತಾನೆ. ಹೆಣ್ಣು ನೋಡಲು ಬರುವವರು ಹೆಣ್ಣಿಗಿಂತ ಮುಂಚೆ ರಸ್ತೆ ನೋಡುತ್ತಾರೆ. ನನ್ನನ್ನು ನೋಡಲು ಬಂದ ಎರಡು ಕಾರುಗಳು ತಿರುವಿನಿಂದಲೇ ಹಿಂದಕ್ಕೆ ಹೋದವು. ಎರಡನೆಯ ಸಲ ಅಮ್ಮ ಮಾಡಿಟ್ಟಿದ್ದ ಕೇಸರಿಬಾತನ್ನು ಅಕ್ಕಪಕ್ಕದವರಿಗೆ ಹಂಚಿದಳು. ಹಂಚುತ್ತ ಪ್ರತಿ ಮನೆಯಲ್ಲೂ ಹತ್ತು ನಿಮಿಷ ಮಾತಾಡಿದಳು.

ನಮ್ಮ ಮನೆಯಲ್ಲಿ ಇದ್ದವರು ನಾಲ್ಕು ಜನ. ಅಪ್ಪ ಲಾರಿ ಓಡಿಸುತ್ತಾರೆ. ಈರುಳ್ಳಿ ಲೋಡಿನ ಜೊತೆ ಹೋದರೆ ವಾರಗಟ್ಟಲೆ ಬರುವುದಿಲ್ಲ. ಅವರು ಹೋದಾಗ ಉಬ್ಬುಗಳು ಒಂದು ಕೂದಲೆಳೆಯಷ್ಟೂ ಕುಗ್ಗುತ್ತಿರಲಿಲ್ಲ, ಹಾಗಾಗಿ ಅವರದಲ್ಲ. ಅಜ್ಜಿ, ಅಂದರೆ ಅಪ್ಪನ ತಾಯಿ, ನಾನು ಹೈಸ್ಕೂಲಿನಲ್ಲಿದ್ದಾಗ ತೀರಿಕೊಂಡರು. ರಸ್ತೆ ಇಳಿಯಲಿಲ್ಲ, ಹಾಗಾಗಿ ಅವರದಲ್ಲ. ಉಳಿದವರು ನಾನು ಮತ್ತು ಅಮ್ಮ. ಅಮ್ಮನ ಬಾಯಿ ಹಲ್ಲುಜ್ಜುವಾಗ ಮಾತ್ರ ನಿಲ್ಲುತ್ತದೆ. ಉಕ್ಕುವ ಹಾಲಿನ ಜೊತೆ, ಬೇಯದ ಬೇಳೆಯ ಜೊತೆ, ಗೋಡೆಯ ಹಲ್ಲಿಯ ಜೊತೆ ಮಾತಾಡುತ್ತಾಳೆ. ನಾನೋ, ಮನೆಗೆ ನೆಂಟರು ಬಂದರೆ ಬಾಗಿಲ ಹಿಂದೆ ನಿಲ್ಲುವವಳು. ಇಡೀ ಬೀದಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ಅಜ್ಜಿಯೇ ಅದನ್ನು ಮೊದಲು ಹೇಳಿದ್ದು. ನನಗೆ ಆಗ ಎಂಟು ವರ್ಷ. ಗೇಟಿನ ಮುಂದೆ ಒಂದು ಚಿಕ್ಕ ಉಬ್ಬು ಎದ್ದಿತ್ತು. "ಇದು ಈ ಮೂಗಿದು," ಎಂದು ನೀರಿಗೆ ಬಂದ ಹೆಂಗಸರ ಮುಂದೆ ನನ್ನ ತಲೆಯ ಮೇಲೆ ಕೈಯಿಟ್ಟು ಅಂದರು. ಅಲ್ಲಿಂದ ಪ್ರತಿ ಅಮಾವಾಸ್ಯೆ ಬೆಳಿಗ್ಗೆ ನನಗೆ ಸ್ನಾನ ಮಾಡಿಸಿ ಉಬ್ಬಿನ ಮೇಲೆ ನಿಲ್ಲಿಸುತ್ತಿದ್ದರು. ನಮ್ಮೂರಲ್ಲಿ ಇದಕ್ಕೆ ಬಾಯಿ ಬಿಡಿಸುವುದು ಎನ್ನುತ್ತಾರೆ. "ಹೊಟ್ಟೇಲಿ ಏನಿಟ್ಟುಕೊಂಡಿದ್ದೀ ಹೇಳೇ." ನನ್ನ ಹೊಟ್ಟೆಯಲ್ಲಿ ಏನೂ ಇರುತ್ತಿರಲಿಲ್ಲ. ಏನಾದರೂ ಹೇಳಿದರೆ ಕೆಳಗಿಳಿಸುತ್ತಾರೆ ಎಂದು ನಾನೇ ಹುಟ್ಟಿಸಿಕೊಂಡು ಹೇಳುತ್ತಿದ್ದೆ. ಪಕ್ಕದ ಮನೆ ಬೆಕ್ಕಿಗೆ ಕಲ್ಲು ಹೊಡೆದೆ, ಟೀಚರಿಗೆ ಮನಸ್ಸಿನಲ್ಲಿ ಬೈದೆ, ಸಕ್ಕರೆ ಕದ್ದೆ. ಎಷ್ಟು ಹೇಳಿದರೂ ಉಬ್ಬು ಇಳಿಯುತ್ತಿರಲಿಲ್ಲ. ಕೆಲವು ಸಲ ಮುಂದಿನ ತಿಂಗಳ ಹೊತ್ತಿಗೆ ಇನ್ನೊಂದು ಎದ್ದಿರುತ್ತಿತ್ತು. ಅಮ್ಮ ಟವೆಲು ಹಿಡಿದು ಗೇಟಿನಲ್ಲಿ ನಿಂತಿರುತ್ತಿದ್ದಳು.

ಈಗ ಸೈಕಲ್ಲಿನ ವಿಷಯ. ಕಚೇರಿಯವರು ನನ್ನನ್ನು ಮುಂದಿನ ತಿಂಗಳಿಂದ ಗುಡ್ಡದ ಮೇಲಿನ ದೊಡ್ಡ ಟ್ಯಾಂಕಿಗೆ ಹಾಕಿದ್ದರು. ಬೆಳಿಗ್ಗೆ ಆರೂವರೆಗೆ ಅಲ್ಲಿದ್ದು ನೀರಿನ ಮಟ್ಟ ನೋಡಿ, ಪುಸ್ತಕದಲ್ಲಿ ಬರೆದು, ವಾಲ್ವು ಬಿಡುವವನಿಗೆ ಫೋನು ಮಾಡಬೇಕು. ಒಂದು ಕೋಣೆ, ಒಂದು ಕುರ್ಚಿ, ಒಂದು ಕಿಟಕಿ. ದಿನಕ್ಕೆ ಒಂದೇ ಫೋನು. ಇದಕ್ಕಿಂತ ಒಳ್ಳೆಯ ಕೆಲಸವನ್ನು ನಾನು ಕನಸಿನಲ್ಲೂ ಕೇಳಿಕೊಂಡಿರಲಿಲ್ಲ. ಆದರೆ ಗುಡ್ಡ ಆರು ಕಿಲೋಮೀಟರು, ದಾರಿಯೆಲ್ಲ ಕಲ್ಲು, ಆ ಹೊತ್ತಿಗೆ ಬಸ್ಸಿಲ್ಲ, ನಮ್ಮ ಬೀದಿಗೆ ಆಟೋ ಬರುವುದಿಲ್ಲ. ಹೋಗಲಾಗದಿದ್ದರೆ ಆ ಜಾಗ ಬೇರೆಯವರಿಗೆ. ನಾನು ಮತ್ತೆ ದೂರಿನ ಕಿಟಕಿಗೆ, ನೀರು ಬರಲಿಲ್ಲ ಎಂದು ಕೂಗುವ ಜನರ ಮುಂದೆ.

ಕಚೇರಿಯಲ್ಲಿ ಸೈಕಲ್ ಯೋಜನೆಯೊಂದಿದೆ. ನೌಕರರು ದಸ್ತಗೀರಣ್ಣನ ಅಂಗಡಿಯಲ್ಲಿ ಬೇಕಾದ ಸೈಕಲ್ ಆರಿಸಿಕೊಳ್ಳಬಹುದು, ಸಂಬಳದಲ್ಲಿ ತಿಂಗಳು ತಿಂಗಳು ಮುರಿದುಕೊಳ್ಳುತ್ತಾರೆ. ಅರ್ಜಿ ಕೊಡಲು ಹೋದಾಗ ಸೂಪರಿಂಟೆಂಡೆಂಟ್ ತಿಪ್ಪೇಸ್ವಾಮಿ ಸರ್ ಕನ್ನಡಕದ ಮೇಲಿಂದ ನೋಡಿದರು.

"ಸಾದಾ ಸೈಕಲ್ಲಾ, ಮುಂದೆ ಮಾತ್ರ ಸ್ಪ್ರಿಂಗಾ, ಎರಡೂ ಕಡೇನಾ?"

"ಗೊತ್ತಿಲ್ಲ ಸರ್."

"ಮೊದಲ ಎರಡಾದ್ರೆ ಇಲ್ಲೇ ಸೈನ್ ಹಾಕಿ ಹೋಗಿ. ಎರಡೂ ಕಡೆ ಸ್ಪ್ರಿಂಗ್ ಅಂದ್ರೆ ಇನ್ನೊಂದು ಫಾರಂ ಇದೆ. ಮನೆ ಮುಂದಿನ ಉಬ್ಬು ನನ್ನದೇ ಅಂತ ಬರೆದುಕೊಡಬೇಕು. ಮೂರು ರಾತ್ರಿ ಪರೀಕ್ಷೆ ಆಗ್ಬೇಕು. ದಸ್ತಗೀರ್ ಅಳತೆ ಮಾಡಿ ಚೀಟಿ ಕೊಟ್ಟರೆ ಮಂಜೂರು."

ಯಾಕೆಂದು ಅವರೇ ಹೇಳಿದರು. "ಹೋದ ವರ್ಷ ನಮ್ಮ ಮೀಟರ್ ಓದೋ ಪುಣ್ಯಾತ್ಮ ಅವರ ಮಾವನ ಉಬ್ಬು ತೋರಿಸಿ ದುಬಾರಿ ಸೈಕಲ್ ತಗೊಂಡ. ಮಾವ ಮುಂದಿನ ವಾರ ಅಳಿಯನಿಗೆ ಚೆನ್ನಾಗಿ ಉಗಿದ. ರಸ್ತೆ ಪಟ್ಟನೆ ಸಪಾಟು! ಆಡಿಟ್‌ನವರು ನನ್ನ ಕೇಳ್ತಾರಮ್ಮ, ಅವನನ್ನಲ್ಲ."

ನಮ್ಮನೆಯ ಉಬ್ಬು ನನ್ನದು ಎಂಬುದು ಊರಿಗೆಲ್ಲ ಗೊತ್ತಿದ್ದರೂ ಅದನ್ನು ನಾನು ಎಂದೂ ಬರೆದುಕೊಟ್ಟಿರಲಿಲ್ಲ. ಫಾರಮ್ಮು ಕಚೇರಿಯ ಬೋರ್ಡಿನಲ್ಲಿ ಒಂದು ತಿಂಗಳು ಅಂಟಿಕೊಂಡಿರುತ್ತದೆ, ಎಲ್ಲರೂ ಓದುತ್ತಾರೆ. ಆದ್ದರಿಂದ ಮೊದಲು ಮುಂದೆ ಮಾತ್ರ ಸ್ಪ್ರಿಂಗ್ ಇರುವುದನ್ನೇ ನೋಡೋಣ ಎಂದು ಅಂಗಡಿಗೆ ಹೋದೆ.

ದಸ್ತಗೀರಣ್ಣನಿಗೆ ಅರವತ್ತರ ಹತ್ತಿರ. ಗಿರಾಕಿ ಮಾತಾಡದಿದ್ದರೂ ನಡೆಯುತ್ತದೆ, ಸೈಕಲ್ಲನ್ನೇ ಮಾತಾಡಿಸಿಕೊಂಡು ಕೆಲಸ ಮಾಡುತ್ತಾರೆ. ನನ್ನನ್ನು ಹತ್ತಿಸಿ, ಸೀಟು ಇಳಿಸಿ, ಕಾಲು ನೆಲಕ್ಕೆ ತಾಗುತ್ತದೋ ನೋಡಿ, "ಮನೆವರೆಗೂ ಓಡಿಸಿಕೊಂಡು ಹೋಗಿ ಬಾರವ್ವ, ಅಂಗಡೀಲಿ ಎಲ್ಲಾ ಸೈಕಲ್ಲೂ ಒಳ್ಳೇವೇ," ಅಂದರು. ನಮ್ಮ ತಿರುವಿನವರೆಗೆ ಚೆನ್ನಾಗಿಯೇ ಹೋಯಿತು. ಮೊದಲ ಉಬ್ಬಿಗೆ ಮುಂದಿನ ಚಕ್ರ ಮೆತ್ತಗೆ ಹತ್ತಿತು, ಹಿಂದಿನದು ಒದೆಯಿತು. ಎರಡು, ಮೂರು. ಸೀಟು ಸೊಂಟಕ್ಕೆ ಕೋಲಿನ ಹಾಗೆ ಬಡಿಯುತ್ತಿತ್ತು. ಆರನೆಯದು ಮಂಡಿಯೆತ್ತರದ್ದು. ಅದರ ನೆತ್ತಿಯಿಂದ ಇಳಿಯುವಾಗ ಹಿಂದಿನ ಚಕ್ರ ಮೇಲಕ್ಕೆ ಹಾರಿ, ನಾನು ಹ್ಯಾಂಡಲ್ಲಿನ ಮೇಲಿಂದ ಎದುರು ಮನೆಯ ಸರ್ವಮಂಗಳಕ್ಕನ ರಂಗೋಲಿಯ ಮೇಲೆ ಬಿದ್ದೆ.

"ಅಯ್ಯೋ, ನಿನ್ನ ಮಾತೇ ನಿನ್ನ ಬೀಳಿಸ್ತಲ್ಲೇ ಹುಡುಗಿ!" ಎಂದು ಸರ್ವಮಂಗಳಕ್ಕ ಎಬ್ಬಿಸಿದರು. "ಒಂದಾದ್ರೂ ಉಗುಳಬಾರದಾ? ನಂಗೆ ಹೇಳು. ಯಾರಿಗೂ ಹೇಳಲ್ಲ." ಅವರು ಹೇಳದೆ ಇರುವುದಿಲ್ಲ ಎಂಬುದಕ್ಕೆ ಅವರ ಗೇಟಿನ ಮುಂದೆ ಅವರದೆಂಬ ಒಂದು ಉಬ್ಬೂ ಎಂದೂ ಏಳದಿರುವುದೇ ಸಾಕ್ಷಿ.

ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಸೈಕಲ್ ತಳ್ಳಿಕೊಂಡು ಹೋದೆ. ದಸ್ತಗೀರಣ್ಣ ಕೈ ನೋಡಿದರು, ಒಳಗಿಂದ ಇನ್ನೊಂದು ಸೈಕಲ್ ತಂದರು. ಕಡು ಹಸಿರು ಬಣ್ಣ. ಸೀಟಿನ ಕೆಳಗೆ, ಚೌಕಟ್ಟಿನ ನಡುವೆ ಒಂದು ಕಪ್ಪು ಶಾಕ್ ಅಬ್ಸಾರ್ಬರ್, ಅದರ ಕೊಳವೆಯ ಮೇಲೆ ಬಳೆಯಂಥ ಪುಟ್ಟ ರಬ್ಬರ್ ಉಂಗುರ. ಹಿಂದಿನ ಚಕ್ರ ಪ್ರತ್ಯೇಕವಾಗಿ, ಮೊಣಕಾಲಿನ ಹಾಗೆ ಮಡಚಿಕೊಳ್ಳುತ್ತಿತ್ತು.

"ಇದು ತೂಕ," ಅಂದರು. "ಹತ್ತುವಾಗ ಸ್ವಲ್ಪ ನಿನ್ನ ಶಕ್ತಿ ಕುಡಿಯುತ್ತೆ. ಗುಡ್ಡ ಹತ್ತುವಾಗ ಈ ಲಿವರ್ ಹಾಕು, ಹಿಂದಿನದು ಗಟ್ಟಿಯಾಗುತ್ತೆ. ಇಳಿಯುವಾಗ ಬಿಚ್ಚು. ಕೀಲುಗಳು ಜಾಸ್ತಿ ಇದಾವೆ, ತಿಂಗಳಿಗೊಂದು ಸಲ ತಂದು ತೋರಿಸ್ಬೇಕು. ಕೂತುಕೋ."

ಕೂತೆ. ಸೈಕಲ್ಲು ಉಸಿರು ಬಿಟ್ಟಂತೆ ಮೆಲ್ಲಗೆ ಕುಸಿಯಿತು. ನಾನು ಹೆದರಿ ಇಳಿಯಲು ಹೋದೆ.

"ಕೂತ್ಕೋ ಕೂತ್ಕೋ. ಕುಸೀಲೇಬೇಕು. ಬರೀ ನಿನ್ನ ಭಾರಕ್ಕೇ ಕಾಲು ಭಾಗ ಇಳೀಬೇಕು, ಆಮೇಲೆ ಉಬ್ಬಿನ ಮಾತು." ರಬ್ಬರ್ ಉಂಗುರ ಎಲ್ಲಿಯವರೆಗೆ ಸರಿದಿದೆ ಎಂದು ನೋಡಿದರು, ಪುಟ್ಟ ಪಂಪು ಹಚ್ಚಿ ಆ ಕೊಳವೆಯಿಂದ ಸ್ವಲ್ಪ ಗಾಳಿ ತೆಗೆದರು, ಮತ್ತೆ ಕೂರಿಸಿದರು. ನಾಲ್ಕು ಸಲ. ನನ್ನ ಭಾರವನ್ನು ಯಾರಾದರೂ ಅಷ್ಟು ಗಮನ ಕೊಟ್ಟು ನೋಡಿದ್ದು ಅದೇ ಮೊದಲು. ಆ ಸೈಕಲ್ಲಿನಲ್ಲಿ ಹದಿನೇಳು ಉಬ್ಬು ದಾಟಿ ಗೇಟು ಮುಟ್ಟಿದೆ. ಕೆಳಗೆ ಎರಡು ಚಕ್ರಗಳು ಕುಣಿಯುತ್ತಿದ್ದವು, ಮೇಲೆ ನಾನು ಕುರ್ಚಿಯಲ್ಲಿ ಕೂತಂತೆ ಕೂತಿದ್ದೆ. ಗೇಟಿನಲ್ಲಿ ಒಬ್ಬಳೇ ನಕ್ಕುಬಿಟ್ಟೆ. ಮರುದಿನ ಫಾರಂ ತುಂಬಿದೆ. "ನನ್ನ ಮನೆಯ ಮುಂದಿನ ಉಬ್ಬುಗಳು ನನ್ನವೇ ಎಂದು ಈ ಮೂಲಕ ಒಪ್ಪಿಕೊಂಡಿರುತ್ತೇನೆ. ವಾರಿಜಾ."

ಮನೆಯಲ್ಲಿ ಹೇಳಿದಾಗ ಅಮ್ಮ ಚಪಾತಿ ಲಟ್ಟಿಸುತ್ತಿದ್ದಳು. ಲಟ್ಟಣಿಗೆ ನಿಂತಿತು, ಮಾತು ನಿಲ್ಲಲಿಲ್ಲ.

"ಎರಡೂ ಕಡೆ ಯಾಕೇ ವಾರಿ? ಮುಂದೆ ಒಂದಿದ್ರೆ ಸಾಲದಾ? ಹಿಂದೆ ಇದ್ರೆ ಕೆಟ್ಟುಹೋಗುತ್ತಂತೆ, ಕೀಲೆಲ್ಲಾ ಕಿರ್ರ್ ಅಂತವಂತೆ, ಮಣ್ಣು ಸೇರಿಕೊಳ್ಳುತ್ತಂತೆ."

"ಯಾರು ಹೇಳಿದ್ರು?"

"ಎಲ್ಲಾರೂ ಹೇಳ್ತಾರೆ. ಹಗುರದ್ದು ತಗೋ. ಹುಡುಗೀರಿಗೆ ಹಗುರದ್ದೇ ಚೆಂದ. ನಿಧಾನಕ್ಕೆ ತಳ್ಳಿಕೊಂಡು ತಿರುವಿನವರೆಗೆ ಹೋದ್ರಾಯ್ತು, ನಾನೂ ಜೊತೆಗೆ ಬಂದು ತಳ್ತೀನಿ. ಇನ್ನು ಆ ಮೂರು ರಾತ್ರಿ ಅನ್ನೋದು ಬೇಡವೇ ಬೇಡ. ಹೆಣ್ಣುಮಗಳು ಗುಡ್ಡದ ಮೇಲೆ ಮಲಗೋದಾ? ನಿಮ್ಮಪ್ಪ ಬಂದ್ರೆ ಏನಂತಾರೆ?"

ಅಪ್ಪನಿಗೆ ಫೋನು ಮಾಡಿದೆ. "ಹೋಗಿ ಬಾರಮ್ಮ, ಟ್ಯಾಂಕ್ ಕಾಯೋ ದಂಪತಿ ಇರ್ತಾರಲ್ಲ ಅಲ್ಲಿ," ಎಂದರು. ಅಮ್ಮ ಆ ವಾರವೆಲ್ಲ ಸೈಕಲ್ಲಿನ ಕೀಲಿನ ಬಗ್ಗೆಯೇ ಮಾತಾಡಿದಳು. ಒಂದು ಸಲವೂ ಸೈಕಲ್ ಹತ್ತದವಳು ಇಷ್ಟು ಕೀಲುಗಳನ್ನು ಎಲ್ಲಿ ಕಂಡಳೋ ಎಂದು ನನಗೆ ಒಳಗೊಳಗೇ ನಗು ಬಂತು. ನಾನು ಮನೆ ಬಿಟ್ಟು ಮಲಗುವುದು ಅದೇ ಮೊದಲು. ಶಾಲೆಯ ಪ್ರವಾಸಕ್ಕೂ ಕಳಿಸಿರಲಿಲ್ಲ. ಅದಕ್ಕೇ ಹೆದರಿದ್ದಾಳೆ ಎಂದುಕೊಂಡೆ.

ಶುಕ್ರವಾರ ದಸ್ತಗೀರಣ್ಣ ನೀರು ತುಂಬಿದ ಪ್ಲಾಸ್ಟಿಕ್ ಪೈಪು ತಂದು, ಗಾರೆಯವರು ಮಟ್ಟ ನೋಡುವ ಹಾಗೆ ಒಂದೊಂದು ಉಬ್ಬಿನ ಎತ್ತರ ನೋಡಿ, ನಮ್ಮ ಕಾಂಪೌಂಡ್ ಗೋಡೆಯ ಮೇಲೆ ಸೀಮೆಸುಣ್ಣದಿಂದ ಹದಿನೇಳು ಗೆರೆ ಎಳೆದರು. ನಾನು ಚಾಪೆ, ಹೊದಿಕೆ, ದಿನಚರಿ ಹಿಡಿದು ಗುಡ್ಡಕ್ಕೆ ಹೋದೆ. ಅಲ್ಲಿ ಕಾವಲುಗಾರನ ಹೆಂಡತಿ ಹೊಟ್ಟೆ ತುಂಬ ರಾಗಿಮುದ್ದೆ ಹಾಕಿ ಏನೂ ಕೇಳದೆ ಬಿಟ್ಟರು. ಮೂರೂ ದಿನ ಚೆನ್ನಾಗಿ ನಿದ್ದೆ ಬಂತು.

ಸೋಮವಾರ ಬೆಳಿಗ್ಗೆ ನಾನು ಇಳಿದು ಬರುವ ಹೊತ್ತಿಗೆ ದಸ್ತಗೀರಣ್ಣ ಬೀದಿಯಲ್ಲಿ ಮಂಡಿಯೂರಿ ಕೂತಿದ್ದರು. ಕೊನೆಯ ಉಬ್ಬು ಅಳೆದು ಮುಗಿಸಿದರು, ಹಿಂದಕ್ಕೆ ಹೋಗಿ ಮೊದಲನೆಯದನ್ನು ಇನ್ನೊಂದು ಸಲ ಅಳೆದರು. ಆಮೇಲೆ ಎದ್ದು ಮಂಡಿ ಕೊಡವಿಕೊಂಡರು.

"ಇದು ನಿಂದಲ್ಲ ಕಣವ್ವ."

"ಯಾವುದು?"

"ಯಾವುದೂ. ಹದಿನೇಳರಲ್ಲಿ ಒಂದೂ ಕುಗ್ಗಿಲ್ಲ. ಒಂಬತ್ತನೇದು ಅರ್ಧ ಬೆರಳು ಎದ್ದಿದೆ." ಗೋಡೆಯ ಗೆರೆ ತೋರಿಸಿದರು. ಗೆರೆಯ ಮೇಲೆ ಹೊಸ ಗೆರೆ ಇತ್ತು.

ನಾನು ಪೈಪಿನೊಳಗಿನ ನೀರನ್ನೇ ನೋಡುತ್ತ ನಿಂತೆ. ಅದು ಇನ್ನೂ ಅಲ್ಲಾಡುತ್ತಿತ್ತು. ಖುಷಿಯಾಗಬೇಕಿತ್ತು. ಆಗಲಿಲ್ಲ. ಹದಿನಾರು ವರ್ಷ ಹೊತ್ತದ್ದನ್ನು ಯಾರೋ ಹೆಗಲಿನಿಂದ ತೆಗೆದು "ಇದು ನಿಮ್ಮ ಮೂಟೆ ಅಲ್ಲ" ಎಂದರೆ ಹೆಗಲು ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಸುಮ್ಮನಿರುವುದು ಬೇರೆ, ನುಂಗುವುದು ಬೇರೆ. ನನಗೆ ಯಾರಿಗೂ ಹೇಳಲೇಬೇಕಾದ ಮಾತು ಇರಲೇ ಇಲ್ಲ. ನಾನು ಸುಮ್ಮನಿದ್ದೆ, ಅಷ್ಟೇ. ಇಡೀ ಊರಿಗೆ ಆ ವ್ಯತ್ಯಾಸ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ.

"ಮನೇಲಿ ಇನ್ನು ಯಾರಿದಾರೆ?" ದಸ್ತಗೀರಣ್ಣ ಮೆಲ್ಲಗೆ ಕೇಳಿದರು.

"ಅಮ್ಮ."

ಅವರು ಪೈಪು ಸುತ್ತಿ ಹೆಗಲಿಗೆ ಹಾಕಿಕೊಂಡರು. "ನಾನು ಟೀ ಕುಡಿದು ಬರ್ತೀನಿ. ಅರ್ಧ ಗಂಟೆ. ಬಂದ ಮೇಲೆ ಚೀಟಿ ಬರೀಲೇಬೇಕು, ಆಫೀಸಿನವರು ಕಾಯ್ತಿದಾರೆ. ಯಾರ ಹೆಸರು ಬರೀಲಿ ಅಂತ ನೀನೇ ಹೇಳು," ಎಂದು ಹೋದರು.

ಗೇಟಿನಿಂದ ಅಡುಗೆಮನೆಗೆ ಹನ್ನೆರಡು ಹೆಜ್ಜೆ. ಆ ಹನ್ನೆರಡು ಹೆಜ್ಜೆಯಲ್ಲಿ ನನಗೆ ಒಂದೊಂದೇ ನೆನಪಾಗತೊಡಗಿತು. ಸೋದರಮಾವನ ಮದುವೆಗೆ ಹೋದ ಅಮ್ಮ, ಧಾರೆ ಮುಗಿದ ಸಂಜೆಯೇ ಬಸ್ಸು ಹತ್ತಿ ಬಂದಿದ್ದಳು. ತವರಿಗೆ ಹೋದರೆ ಎರಡನೇ ರಾತ್ರಿ ಅಲ್ಲಿ ನಿಲ್ಲುತ್ತಿರಲಿಲ್ಲ. ಹೊಟ್ಟೆಯ ಆಪರೇಷನ್ ಆದಾಗ ಡಾಕ್ಟರು ಐದು ದಿನ ಇರಲೇಬೇಕು ಅಂದಿದ್ದರು. ಹೊಲಿಗೆ ಹಸಿಯಿರುವಾಗಲೇ ಮೂರನೇ ದಿನ ಬೆಳಿಗ್ಗೆ ಎದ್ದು ಬಂದುಬಿಟ್ಟಿದ್ದಳು. "ನಿನ್ನ ಬಿಟ್ಟಿರೋಕಾಗಲ್ಲ ಕಣೇ," ಅಂದಿದ್ದಳು. ನಾನು ಅದನ್ನು ದಿನಚರಿಯಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದೆ.

ಅಮ್ಮ ಮೊರದಲ್ಲಿ ತೊಗರಿಬೇಳೆ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ನನ್ನನ್ನು ನೋಡಿದವಳೇ ಶುರು ಮಾಡಿದಳು. "ಬಂದ್ಯಾ? ಮುಖ ನೋಡು ಹೆಂಗೆ ಬಾಡಿದೆ. ಅಲ್ಲಿ ಏನು ಹಾಕಿದ್ರು? ನೀರು ಕಾಸಿಟ್ಟಿದ್ದೀನಿ. ಈ ಬೇಳೆ ನೋಡು, ಅರ್ಧ ಕಲ್ಲೇ, ಅಂಗಡಿಯವನಿಗೆ ಹೇಳಿದ್ರೆ..."

"ಅಮ್ಮ, ನೀನು ಯಾವತ್ತಾದ್ರೂ ಮೂರು ರಾತ್ರಿ ಹೊರಗಡೆ ಮಲಗಿದ್ದೀಯಾ?"

ಅಮ್ಮನ ಮಾತು ನಿಂತಿತು. ಅಷ್ಟು ನಿಶ್ಶಬ್ದವಾದ ಅಡುಗೆಮನೆಯನ್ನು ನಾನು ಎಂದೂ ಕೇಳಿರಲಿಲ್ಲ. ನಲ್ಲಿಯ ಹನಿ ಬಕೆಟ್ಟಿಗೆ ಬೀಳುವುದು ಕೇಳಿಸಿತು. ಅಮ್ಮ ಮೊರದಲ್ಲಿ ಬೆರಳಿನಿಂದ ಬೇಳೆಯನ್ನು ಅತ್ತ ಇತ್ತ ಸರಿಸುತ್ತಿದ್ದಳು, ಕಲ್ಲುಗಳನ್ನೂ ಬೇಳೆಯ ಜೊತೆಗೇ.

"ಮೊದಲನೇದು ನಿಮ್ಮಜ್ಜೀದು," ಎಂದಳು ಕೊನೆಗೆ. "ಅಂದ್ರೆ ನಂದು, ಅವರಿಗೆ ಹೇಳ್ಬೇಕಾಗಿದ್ದು. ಸಾರಿಗೆ ದಿನಾ ಉಪ್ಪು ಜಾಸ್ತಿ ಹಾಕ್ತಿದ್ರು. ಅಷ್ಟೇ ಕಣೇ. ಹೇಳೋಕೆ ಧೈರ್ಯ ಬರಲಿಲ್ಲ. ಪುಟಾಣಿ ಉಬ್ಬು, ಕಾಲಿಗೂ ತಾಗ್ತಿರಲಿಲ್ಲ. ಅವರು ಸಾಯೋ ಹಿಂದಿನ ದಿನ ಹೇಳಿಬಿಟ್ಟೆ. 'ಗೊತ್ತಿತ್ತು ಕಣೇ, ನಿಂಗೆ ಬಾಯಿ ಬರುತ್ತಾ ನೋಡ್ತಿದ್ದೆ' ಅಂದ್ರು. ಅದು ಅವತ್ತೇ ಇಳೀತು, ಆ ಗಡಿಬಿಡೀಲಿ ಯಾರೂ ನೋಡಲಿಲ್ಲ."

"ಮತ್ತೆ ಈ ಹದಿನೇಳು?"

"ನೀರಿಗೆ ಬಂದವರ ಮುಂದೆ ಅವರು ನಿನ್ನ ತಲೆ ಮೇಲೆ ಕೈಯಿಟ್ಟು ಇದು ಈ ಮೂಗಿದು ಅಂದ್ರಲ್ಲ, ಅವತ್ತು ನಾನು ಬಾಗಿಲಲ್ಲೇ ಇದ್ದೆ. ನಿಂದಲ್ಲ, ನಂದು ಅಂತ ಗಂಟಲವರೆಗೂ ಬಂತು. ಇವತ್ತು ಬೇಡ, ನಾಳೆ ನಿಂಗೆ ಒಬ್ಬಳಿಗೇ ಹೇಳೋಣ ಅಂದುಕೊಂಡೆ. ಬೆಳಿಗ್ಗೆ ಎದ್ದು ನೋಡಿದ್ರೆ ಎರಡನೇದು ಎದ್ದಿತ್ತು. ಆಮೇಲೆ ನಿನ್ನ ಅದರ ಮೇಲೆ ನಿಲ್ಲಿಸಿದ್ರು. ನೀನು ಬೆಕ್ಕಿಗೆ ಕಲ್ಲು ಹೊಡೆದೆ ಅಂದೆ. ನೀನು ಹೊಡೆದಿರಲಿಲ್ಲ, ನಂಗೊತ್ತು. ಅವತ್ತೊಂದು. ಕಾರು ವಾಪಸ್ಸು ಹೋದಾಗ ಒಂದೊಂದು." ತಲೆಯೆತ್ತಿ ನನ್ನನ್ನು ನೋಡಿದಳು. "ಹದಿನೇಳರಲ್ಲಿ ಬೇರೆ ಮಾತು ಒಂದೂ ಇಲ್ಲ ವಾರಿ. ಎಲ್ಲಾ ಅದೇ ಒಂದು ಮಾತು. ಇದು ನಿಂದಲ್ಲ ಮಗಳೇ. ನಂದು."

ಹೊರಗೆ ರಸ್ತೆ ಕುಸಿಯಿತು. ಮಣ್ಣು ತುಂಬಿದ ಲಾರಿಯ ಹಿಂಬದಿ ತೆರೆದಂಥ ಸದ್ದು, ಗೇಟಿನಿಂದ ತಿರುವಿನವರೆಗೆ ಓಡುತ್ತ ಹೋಯಿತು. ಡಬ್ಬಗಳು ಅಲ್ಲಾಡಿದವು. ಮೊರ ಅಮ್ಮನ ತೊಡೆಯಿಂದ ಜಾರಿ ಬೇಳೆ ನೆಲದ ತುಂಬ ಚೆಲ್ಲಿತು. ನಾನು ಅದರ ಮೇಲೆ ಕಾಲಿಟ್ಟುಕೊಂಡೇ ಹೊರಗೆ ಓಡಿದೆ.

ಬೀದಿ ಸಪಾಟಾಗಿತ್ತು. ಮಕ್ಕಳು ಅದರ ಮೇಲೆ ಓಡುತ್ತಿದ್ದರು, ಬೀಳುತ್ತೇವೆಂದು ಕೈ ಚಾಚಿಕೊಂಡು, ಬೀಳದೆ. ಎದುರು ಮನೆಯಿಂದ ಸರ್ವಮಂಗಳಕ್ಕ ಸಕ್ಕರೆ ಡಬ್ಬಿ ಎತ್ತಿಕೊಂಡು ಬಂದರು. ರಸ್ತೆ ಇಳಿಸಿದವರ ಬಾಯಿಗೆ ಸಕ್ಕರೆ ಹಾಕುವುದು ನಮ್ಮೂರ ಪದ್ಧತಿ.

"ಬಾಯಿ ಬಿಟ್ಟಳು ನೋಡ್ರೇ ನಮ್ಮ ಮೂಗಿ! ಒಂದೇ ಏಟಿಗೆ ಹದಿನೇಳೂ!" ಎಂದು ಕೂಗಿ, ನಾನು ಬೇಡವೆನ್ನುವ ಮುಂಚೆ ಒಂದು ಹಿಡಿ ಸಕ್ಕರೆ ನನ್ನ ಬಾಯಿಗೆ ತುರುಕಿದರು. "ಏನು ಹೇಳಿದೆಯೇ? ಯಾರಿಗೆ ಹೇಳಿದೆ? ಪ್ರಮೀಳಾ, ಏನಂತೆ ನಿನ್ನ ಮಗಳದ್ದು?"

ಅಮ್ಮ ಗೇಟಿನ ಹತ್ತಿರ ಬಂದು ನಿಂತಿದ್ದಳು. ಅವಳು ನನಗೆ ಹೇಳಬೇಕಾದದ್ದನ್ನು ಹೇಳಿಯಾಗಿತ್ತು. ಬೀದಿಗೆ ಅವಳೇನೂ ಬಾಕಿ ಉಳಿಸಿಕೊಂಡಿರಲಿಲ್ಲ. ಹೆಂಗಸರೆಲ್ಲ ನನ್ನ ಬೆನ್ನು ತಟ್ಟುವುದನ್ನು ನೋಡಿದಳು, ನನ್ನ ಗಲ್ಲದಿಂದ ಉದುರುವ ಸಕ್ಕರೆ ನೋಡಿದಳು. "ಏನೋ ಹುಡುಗರ ವಿಷಯ ಬಿಡಿ ಅಕ್ಕ," ಅಂದಳು. ಎಷ್ಟು ಸಲೀಸಾಗಿ ಅಂದಳೆಂದರೆ, ನನಗೆ ನೆಲವೇ ಇನ್ನೊಂದು ಸಲ ಕುಸಿದಂತಾಯಿತು. ಆಮೇಲೆ ನನ್ನ ಪಕ್ಕಕ್ಕೆ ಬಂದು, ಸೆರಗಿನಿಂದ ನನ್ನ ಬಾಯಿ ಒರೆಸುತ್ತ, ನನಗೊಬ್ಬಳಿಗೇ ಕೇಳುವಂತೆ ಕೇಳಿದಳು.

"ಸಿಟ್ಟಿಲ್ಲ ತಾನೆ ವಾರಿ?"

ಉತ್ತರ ನನ್ನ ಗಂಟಲಲ್ಲಿತ್ತು. ಜೀವಮಾನದಲ್ಲೇ ಮೊದಲ ಸಲ ಅಷ್ಟು ಸ್ಪಷ್ಟವಾಗಿ ಒಂದು ವಾಕ್ಯ ಪೂರ್ತಿಯಾಗಿ ತಯಾರಾಗಿತ್ತು. ಇದೆ ಅಮ್ಮ, ಸಿಟ್ಟಿದೆ, ನೀನು ಟವೆಲು ಹಿಡಿದು ನಿಂತಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಹೇಳಬೇಕೆಂದು ಅವಳ ಮುಖ ನೋಡಿದೆ. ಹದಿನಾರು ವರ್ಷದ ಭಾರ ಇಳಿದ ಮುಖ. ಹುಡುಗಿಯ ಹಾಗೆ ಕಾಣುತ್ತಿದ್ದಳು. ಕಾಯುತ್ತಿದ್ದಳು, ಮಾತಿಲ್ಲದೆ, ನಾನು ಯಾವಾಗಲೂ ಬಾಗಿಲ ಹಿಂದೆ ಕಾಯುವ ಹಾಗೆ. ನಾನು ಇಲ್ಲವೆಂದು ತಲೆಯಾಡಿಸಿದೆ. ಸಕ್ಕರೆಯ ಜೊತೆ ಅದನ್ನೂ ನುಂಗಿದೆ.

ಚಪ್ಪಲಿಯ ಕೆಳಗೆ ನೆಲ ಬೆಚ್ಚಗಾಯಿತು. ಬೆಕ್ಕು ಬೆನ್ನೆತ್ತುವ ಹಾಗೆ ಮೆತ್ತಗೆ, ನನ್ನ ಅಂಗಾಲನ್ನೇ ಎತ್ತಿಕೊಂಡು ಎದ್ದಿತು. ಇಷ್ಟು ವರ್ಷ ಉಬ್ಬುಗಳ ನಡುವೆ ಬದುಕಿದ ನನಗೆ ಒಂದು ಉಬ್ಬು ಹುಟ್ಟುವಾಗ ಅದರ ಒಡೆಯರಿಗೆ ಹೇಗಾಗುತ್ತದೆ ಎಂಬುದೇ ಗೊತ್ತಿರಲಿಲ್ಲ. ಹೊಕ್ಕುಳಿನ ಹತ್ತಿರ ದಾರ ಎಳೆದಂತೆ ಆಗುತ್ತದೆ. ಹೆಂಗಸರ ಗದ್ದಲದಲ್ಲಿ ಯಾರೂ ನೋಡಲಿಲ್ಲ. ಅಮ್ಮನೂ ನೋಡಲಿಲ್ಲ, ಬೇಳೆ ಚೆಲ್ಲಿದೆ ಎನ್ನುತ್ತ, ಮತ್ತೆ ಮಾತು ಶುರುಮಾಡಿಕೊಂಡು ಒಳಗೆ ಹೋದಳು.

ದಸ್ತಗೀರಣ್ಣ ಟೀ ಕುಡಿದು ಬಂದು ತಿರುವಿನಲ್ಲಿ ನಿಂತೇ ಇದ್ದರು. ಸಪಾಟು ಬೀದಿಯ ಮೇಲೆ ಹುಷಾರಾಗಿ ನಡೆದು ಬಂದರು. ನನ್ನ ಕಾಲಿನ ಹತ್ತಿರ ಬಗ್ಗಿ ನೋಡಿದರು. ನಾನು ಕಾಲು ಪಕ್ಕಕ್ಕೆ ಸರಿಸಿದೆ.

"ಇದು ಯಾರದವ್ವ?"

"ನಂದು."

"ನಿನ್ನ ಕಾಲಡೀಲೇ ಎದ್ದಿದೆ, ಇದಕ್ಕೆ ಮೂರು ರಾತ್ರಿ ಬೇಡ," ಎಂದು ಜೇಬಿನಿಂದ ಚೀಟಿ ಪುಸ್ತಕ ತೆಗೆದು, ಮಂಡಿಯ ಮೇಲಿಟ್ಟು ನನ್ನ ಹೆಸರು ಬರೆದರು. ಆಮೇಲೆ ಪೆನ್ನು ನಿಲ್ಲಿಸಿ ಉಬ್ಬಿನ ಮೇಲೆ ಅಂಗೈಯಿಟ್ಟರು. ಅದು ಒಂದು ಬನ್ನಿನಷ್ಟಿತ್ತು.

"ಇಷ್ಟಕ್ಕೆ ಮುಂದೆ ಮಾತ್ರ ಸ್ಪ್ರಿಂಗ್ ಇರೋದೇ ಸಾಕಾಗುತ್ತೆ. ಹಗುರ. ಗುಡ್ಡ ಹತ್ತೋಕೂ ಸಲೀಸು."

"ಬೇಡ ದಸ್ತಗೀರಣ್ಣ," ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಎರಡೂ ಕಡೆ ಇರೋದೇ ಕೊಡಿ. ಇದು ಬೆಳೆಯುತ್ತೆ."